ತಣ್ಣಗೆ ಬಗ್ಗಿಸಿದ ಕೊಕ್ಕೆ

ಸೂಯೆಜ್‌ನ ಹಡಗು ರಿಪೇರಿ ಅಂಗಳದಲ್ಲಿ ಕ್ರೇನಿನ ಕೊಕ್ಕೆ ಮುರಿದು ಒಂಬತ್ತು ದಿನವಾಗಿತ್ತು. ಕೆಳಗೆ ನಿಂತಿದ್ದ ಬದವಿ ಸತ್ತುಹೋದ. ಕ್ರೇನ್ ನಡೆಸುತ್ತಿದ್ದ ಶನೂದಾ ಮಿತಿ ಮೀರಿ ಭಾರ ಎತ್ತಿದನೆಂಬ ಆರೋಪದ ಮೇಲೆ ಪೊಲೀಸರ ವಶದಲ್ಲಿದ್ದ. ಆ ಕೊಕ್ಕೆಯನ್ನು ಅದು ಮುರಿಯುವ ಹಿಂದಿನ ವಾರವಷ್ಟೇ ಸರಿಮಾಡಿಕೊಟ್ಟಿದ್ದ ಕಮ್ಮಾರ, ನುರಿತ ಕೈಯೆಂದು ಎಲ್ಲರೂ ‘ಉಸ್ತಾ’ ಅನ್ನುತ್ತಿದ್ದ ಮಿತ್ವಲ್ಲಿ ಮಾತ್ರ ಮನೆಯಲ್ಲೇ ಉಣ್ಣುತ್ತಿದ್ದ. ಉಣ್ಣುತ್ತಿದ್ದ ಅನ್ನುವುದು ಮಾತಿಗೆ. ಬೇಯಿಸಿದ ಕಾಳಿನ ಬಟ್ಟಲು ಮುಂದಿಟ್ಟುಕೊಂಡು ಕೂರುತ್ತಿದ್ದ, ಅಷ್ಟೆ.

ಭಾರಕ್ಕೆ ಜಗ್ಗಿ ಬಾಯಿ ತೆರೆದುಕೊಂಡ ಕೊಕ್ಕೆಯನ್ನು ಎಸೆಯಬೇಕು. ಎಸೆಯದಿದ್ದರೆ ಕೆಂಪಗೆ ಕಾಯಿಸಿಯಾದರೂ ಮೊದಲಿನ ಹಾಗೆ ಬಗ್ಗಿಸಬೇಕು. ಕಾಯಿಸಿದರೆ ತಪಾಸಣೆಯವರ ಹಳದಿ ಬಣ್ಣವೂ ಮೊಹರೂ ಸುಟ್ಟುಹೋಗಿ, ಮತ್ತೆ ಪರೀಕ್ಷೆಯಾಗುವ ತನಕ ಕ್ರೇನ್ ನಿಲ್ಲುತ್ತದೆ. ಅದಕ್ಕೇ ಆ ಅಂಗಳದ ಕಮ್ಮಾರರು ತಣ್ಣನೆಯ ಕೊಕ್ಕೆಯನ್ನೇ ಯಂತ್ರಕ್ಕೆ ಕೊಟ್ಟು ಒತ್ತಿಸಿ, ಯಾರೂ ತೆರೆದು ನೋಡದ ರಿಪೇರಿ ಪುಸ್ತಕದಲ್ಲಿ ‘ಕಾಯಿಸಿದೆ’ ಅಂತ ಬರೆದುಬಿಡುತ್ತಿದ್ದರು. ಮಿತ್ವಲ್ಲಿಯೂ ಹಾಗೇ ಮಾಡಿದ್ದ. ಅದೇ ಕೊಕ್ಕೆಗೆ, ಒಂದೇ ವರ್ಷದಲ್ಲಿ ಮೂರನೇ ಸಲ.

“ಇಲ್ಲಿ ಬಗ್ಗಿ ನೋಡಿ ಉಸ್ತಾ,” ಅಂದಳು ಅವನನ್ನು ವಿಚಾರಣೆಗೆ ಕರೆಸಿದ್ದ ಪ್ರಯೋಗಾಲಯದ ಇಂಜಿನಿಯರ್ ಇನಾಸ್, ಮುರಿದ ಕೊಕ್ಕೆಯ ತುಂಡಿಟ್ಟಿದ್ದ ಸೂಕ್ಷ್ಮದರ್ಶಕವನ್ನು ಅವನತ್ತ ತಿರುಗಿಸಿ.

“ನಲವತ್ತು ವರ್ಷ ಕಬ್ಬಿಣದ ಮುಖ ನೋಡಿದ್ದಾಯ್ತು. ಈಗ ಅದರ ಕರುಳೂ ನೋಡ್ಬೇಕಾ ತಾಯಿ?”

ನೋಡಿದ. ಮುರಿದ ಜಾಗವೆಲ್ಲ ಮಿಣಮಿಣ ಹೊಳೆಯುತ್ತಿತ್ತು.

“ಶುಕ್ರವಾರ ನಮಾಜಿಗೆ ಸಾಲಾಗಿ ನಿಲ್ತೀರಲ್ಲ, ಕಬ್ಬಿಣದ ಕಣಗಳೂ ಹಾಗೇ ನಿಂತಿರ್ತವೆ. ಎಲ್ಲೋ ಒಬ್ಬನ ಜಾಗ ಖಾಲಿ. ಪಕ್ಕದವನು ಅಲ್ಲಿಗೆ ಸರೀತಾನೆ, ಅವನ ಜಾಗಕ್ಕೆ ಇನ್ನೊಬ್ಬ. ಹೀಗೆ ಆ ಕೊರತೆ ಸಾಲಿನುದ್ದಕ್ಕೂ ನಡ್ಕೊಂಡು ಹೋಗುತ್ತೆ. ಕಬ್ಬಿಣ ಮುರೀದೆ ಬಗ್ಗೋದು ಅಂಥಾ ಕೊರತೆಗಳಿಂದಾನೇ.”

“ಕೊರತೆ ಇರೋದು ಒಳ್ಳೇದು ಅನ್ನಿ. ನಮ್ಮ ಮನೆಯವಳಿಗೂ ಒಂಚೂರು ಹೇಳಿ.”

ಇನಾಸ್ ನಗಲಿಲ್ಲ. “ತಣ್ಣಗೆ ಬಗ್ಗಿಸಿದಷ್ಟೂ ಕೊರತೆಗಳು ಹೆಚ್ತಾ ಹೋಗ್ತವೆ. ಎಲ್ಲಾರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದ ಹಾಗೆ ಒಂದಕ್ಕೊಂದು ಸಿಕ್ಕಿ, ಯಾವುದೂ ಅಲ್ಲಾಡಲ್ಲ. ಕಬ್ಬಿಣ ಗಟ್ಟಿಯಾಯ್ತು ಅಂತ ನಾವು ಹಿಗ್ತೀವಿ. ಬಗ್ಗೋ ಶಕ್ತಿ ಹೋಗಿರುತ್ತೆ ಅಷ್ಟೆ. ಸಣ್ಣದೊಂದು ಬಿರುಕು ಸಿಕ್ರೆ ಸಾಕು, ಸಕ್ಕರೆ ಅಚ್ಚಿನ ಹಾಗೆ ಪಟ್ ಅನ್ನುತ್ತೆ. ಬೆಂಕಿ ಕಂಡ್ರೆ ಮಾತ್ರ ಸಾಲು ಮತ್ತೆ ಸರಿಹೋಗೋದು.”

ಅವಳು ಪುಸ್ತಕ ತೆರೆದಿಟ್ಟಳು. “ಭಾರ ಹೆಚ್ಚಾಗಿದ್ರೆ ಕೊಕ್ಕೆ ಮೊದಲು ಬಾಯಿ ತೆರೀಬೇಕಿತ್ತು. ತೆರೆದಿಲ್ಲ. ಆದ್ರೆ ಇಲ್ಲಿ ನಿಮ್ಮ ಸಹಿ ಇದೆ, ಕಾಯಿಸಿದೆ ಅಂತ. ಇದನ್ನ ನಂಬಿದ್ರೆ ಶನೂದಾನೇ ಎಳೆದು ಮುರಿದ ಅಂತ ಪೊಲೀಸರು ಬರೀತಾರೆ. ಹೇಳಿ, ಕಾಯಿಸಿದ್ರಾ?”

“ಕಾಯಿಸಿದ್ದೆ.”

ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಹೊರಗೆ ಬೆಂಚಿನ ಮೇಲೆ ಬದವಿಯ ಹೆಂಡತಿ ವಗೀದಾ ಯಾವುದೋ ಕಾಗದಕ್ಕಾಗಿ ಕಾದು ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

“ನಿಮ್ಮನ್ನೂ ಕರೆಸಿ ಪೀಡಿಸ್ತಿದಾರಾ ಉಸ್ತಾ? ಅವತ್ತು ಬೆಳಿಗ್ಗೆ ನಾನೇ ಕೇಳ್ದೆ, ಆ ಕೊಕ್ಕೆ ಕೆಟ್ಟಿತ್ತಲ್ಲಾ ಅಂತ. ‘ಮಿತ್ವಲ್ಲಿ ಕೈ ಮುಟ್ಟಿದಾನೆ ಕಣೇ, ಅದರ ಕೆಳಗೆ ಹಾಸಿಗೆ ಹಾಸ್ಕೊಂಡು ಮಲಗಬಹುದು’ ಅಂದ್ರು. ನಗ್ತಾನೇ ಹೋದ್ರು.” ಸೆರಗಿನಂತೆ ಜೋತಿದ್ದ ಕಪ್ಪು ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. “ಆ ಶನೂದಾ ಜೈಲಲ್ಲೇ ಕೊಳೀಲಿ.”

ಮಿತ್ವಲ್ಲಿ ತಿರುಗಿ ಒಳಗೆ ಹೋದ.

“ಕಾಯಿಸಿಲ್ಲ ತಾಯಿ. ತಣ್ಣಗೇ ಬಗ್ಗಿಸಿದೆ. ಮೂರು ಸಲ.”

ಇನಾಸ್ ಪೆನ್ನು ಎತ್ತಿಕೊಂಡಳು. “ಯಾರು ಹಾಗೆ ಮಾಡು ಅಂದ್ರು? ಮೇಸ್ತ್ರಿನಾ? ಹೆಸರು ಹೇಳಿ, ಬರ್ಕೋತೀನಿ.”

ಹೇಳಬಹುದಾದ ಹೆಸರುಗಳಿಗಾಗಿ ಅವನು ಒಳಗೆಲ್ಲ ತಡಕಾಡಿದ.

“ಯಾರೂ ಹೇಳ್ಲಿಲ್ಲ. ನಾನೇ.”

ಹೇಳಿಕೆಗೆ ಸಹಿ ಹಾಕಿ ಎದ್ದ. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಬಾಗಿಲಾಚೆ ವಗೀದಾ ಇನ್ನೂ ಕೂತೇ ಇದ್ದಳು.