ಹಿಡಿ ಇಲ್ಲದೆ ಬಂದ ಗಾಡಿ

ಗಡಿಪೇಟೆಯಿಂದ ಗೋಬಿ ಮರುಭೂಮಿಯ ಕಲ್ಲುಹಾದಿ ತುಳಿದು ನಾನು ಆ ಜಪಾನಿ ಟ್ರಕ್ಕನ್ನು ನಮ್ಮ ಡೇರೆಯ ಮುಂದೆ ನಿಲ್ಲಿಸಿದಾಗ ಅಪ್ಪ ನನ್ನ ಮುಖ ನೋಡಲಿಲ್ಲ. ನೇರವಾಗಿ ಒಳಗೆ ಬಗ್ಗಿ ಗೇರಿನ ರಾಡನ್ನು ನೋಡಿದರು. ಅದರ ತುದಿಯಲ್ಲಿ ಹಿಡಿ ಇರಲಿಲ್ಲ. ಬರಿಯ ಕಬ್ಬಿಣಕ್ಕೆ ನಾನು ಕರವಸ್ತ್ರ ಸುತ್ತಿದ್ದೆ. ಆದರೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಏನಮ್ಮಾ ಉರ್ನಾ, ನಿನ್ನ ಜಪಾನಿ ಕುದುರೆಗೆ ತಲೇನೇ ಇಲ್ವಲ್ಲ."

"ಓಡುತ್ತಪ್ಪಾ. ತಲೆ ಇರೋರೆಲ್ಲ ಓಡ್ತಾರಾ?"

ಎದುರು ಮಾತಾಡುವುದು ನನ್ನ ಹುಟ್ಟುಗುಣ. ಆದರೆ ಹಿಡಿ ಇಲ್ಲದ್ದು ನನಗೂ ಹಿಡಿಸಿರಲಿಲ್ಲ. ಮಾರಾಟದ ಫೋಟೋದಲ್ಲಿ ಹಿಡಿ ಇತ್ತು. ಮರದ ಗುಂಡು, ಯಾರದೋ ಕೈ ಸವರಿ ಸವರಿ ಹೊಳಪು ಬಂದದ್ದು.

ಈ ಟ್ರಕ್ಕು ನಮಗೆ ಶೋಕಿಗಲ್ಲ. ಹೋದ ವರ್ಷ ನಮ್ಮ ಹಳೆಯ ರಷ್ಯನ್ ಲಾರಿ ಕೈಕೊಟ್ಟಿತು, ಬಾಡಿಗೆ ಲಾರಿ ತಡವಾಗಿ ಬಂತು, ಅಷ್ಟರಲ್ಲಿ ಹಿಮ ಬಿದ್ದು ಕಣಿವೆ ಮುಚ್ಚಿತು. ಚಳಿಗಾಲದ ಜಾಗ ಮುಟ್ಟುವ ಮೊದಲೇ ಅರ್ಧ ಮೇಕೆಗಳು ಸತ್ತವು. ಈ ಸಲವೂ ಹಾಗಾದರೆ ಉಳಿದ ಮಂದೆ ಮಾರಿ ಪಟ್ಟಣ ಸೇರುವುದೇ ಎಂದು ಅಪ್ಪ ಹೇಳಿಬಿಟ್ಟಿದ್ದರು. ಪಟ್ಟಣದಲ್ಲಿ ಅವರು ಏನು ಮಾಡುತ್ತಾರೆ? ಕಿಟಕಿ ನೋಡಿಕೊಂಡು ಕೂರುತ್ತಾರೆ. ಅದಕ್ಕೇ ನಾಲ್ಕೂ ಚಕ್ರ ಎಳೆಯುವ ಹಳೆಯ ಗಾಡಿಯೊಂದನ್ನು ಜಪಾನಿನಿಂದ ತರಿಸೋಣ ಎಂದು ಹಟ ಹಿಡಿದೆ.

ದುಡ್ಡು ಸಾಲದೆ ಅಪ್ಪ ತಮ್ಮ ಸವಾರಿ ಕುದುರೆ ಕೆಂಚನನ್ನು ಮಾರಿದರು. ಕೊಂಡವನು ಹಗ್ಗ ಹಿಡಿಯಲು ಬಂದಾಗ, ತಡಿ ಎಂದು ಮುಖದ ಹಗ್ಗ ಬಿಚ್ಚಿಕೊಂಡರು. ನಿಲುವಂಗಿಯ ಒಳಸೆರಗಿನಿಂದ ಅದರ ಮೂತಿ ಒರೆಸಿದರು. ಪ್ರಾಣಿ ಹೋದರೂ ಅದರ ಭಾಗ್ಯ ಮನೆಯಲ್ಲಿ ಉಳಿಯಲಿ ಎಂದು ನಮ್ಮವರೆಲ್ಲ ಮಾಡುವುದು ಹೀಗೆಯೇ. ಆ ಹಗ್ಗ ಆಮೇಲೆ ಡೇರೆಯ ಗೋಡೆಗೆ ತೂಗುತ್ತಿತ್ತು.

ಈಗ ಅಪ್ಪ ಖಡಾಖಂಡಿತವಾಗಿ ಹೇಳಿದರು: "ದಾರೀಲಿ ಕಳ್ಳರು ಕೈ ಹಾಕಿದ ಗಾಡಿ ಇದು. ಹಿಡಿ ಕಿತ್ತೋರು ಇನ್ನೇನೇನು ಕಿತ್ತಿದಾರೋ. ನಾನಿದಕ್ಕೆ ಹಾಲು ಹಾಕಲ್ಲ."

ಚಕ್ರಗಳಿಗೆ ಹಾಲು ಚಿಮುಕಿಸದೆ ನಮ್ಮ ಮನೆಯಲ್ಲಿ ಯಾರೂ ಹೊರಡುವುದಿಲ್ಲ. ಬಡಗಣ ಬೆಟ್ಟದ ನೆತ್ತಿ ಹಿಮ ಬಿದ್ದು ಆಗಲೇ ಬೆಳ್ಳಗಾಗಿತ್ತು.

"ಕಿತ್ತಿರೋದು ಏನು ಅಂತ ನೀವೇ ನೋಡಿ," ಎಂದೆ.

ಅಪ್ಪ ನೋಡಿದರು. ಗಾಡಿಯ ಕೆಳಗೆ ತೂರಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ನೋಡಿದರು. ಜಾಕ್ ಇತ್ತು. ಹೆಚ್ಚುವರಿ ಚಕ್ರ ಇತ್ತು. ಒಂದೊಂದು ಸ್ಪ್ಯಾನರ್‌ಗೂ ಬಟ್ಟೆ ಸುತ್ತಿಟ್ಟಿತ್ತು. ಅಡಿಯೆಲ್ಲ ಎಣ್ಣೆ ಬಳಿದು ತುಕ್ಕು ಹಿಡಿಯದಂತೆ ಕಾಪಾಡಿದ್ದರು.

"ಇದೆಂಥ ಕಳ್ಳನಮ್ಮಾ," ಎಂದು ಮೈ ಕೊಡವುತ್ತ ಎದ್ದರು. "ಕದಿಯೋಕೆ ಬರದವನು."

ಇಬ್ಬರೂ ಫೋನ್ ಸಿಗುವ ಗುಡ್ಡ ಹತ್ತಿದೆವು. ಗಾಡಿ ತರಿಸಿಕೊಟ್ಟಿದ್ದ ದಲ್ಲಾಳಿ ಡೋರ್ಲಿಗ್ ಅಣ್ಣನಿಗೆ, ಅಪ್ಪನಿಗೂ ಕೇಳುವಂತೆ ಫೋನ್ ಹಚ್ಚಿದೆ.

"ಅಣ್ಣಾ, ಗೇರಿನ ಹಿಡಿ ಎಲ್ಲಿ ಹೋಯ್ತು?"

"ಅಯ್ಯೋ ತಾಯಿ, ಸಮುದ್ರ ದಾಟಿಸಿ ಅಷ್ಟು ದೊಡ್ಡ ಗಾಡಿ ತರಿಸಿಕೊಟ್ಟಿದೀನಿ. ಒಂದು ಹಿಡಿಗೆ ಜಗಳಾನಾ?"

"ವಿಚಾರಿಸಿ ಹೇಳಿ. ಇಲ್ಲಾಂದ್ರೆ ನಮ್ಮ ಕಡೆಯಿಂದ ಒಬ್ಬ ಗಿರಾಕೀನೂ ನಿಮ್ಮ ಬಾಗಿಲಿಗೆ ಬರದ ಹಾಗೆ ನೋಡ್ಕೋತೀನಿ."

ಒಣಗಿಸಿದ ಮೊಸರಿನ ತುಂಡು ಕಡಿಯುತ್ತ ಕಾದೆವು. ಮತ್ತೆ ಫೋನ್ ಬಂದಾಗ ಅವನ ದನಿ ಇಳಿದಿತ್ತು.

"ತಪ್ಪು ನಂದೇ ಉರ್ನಾ. ಜಪಾನಿನವರು ಆಗಲೇ ಹೇಳಿದ್ರು, ನಾನು ಮರೆತೆ. ಹೊಕ್ಕೈಡೊ ದ್ವೀಪದಲ್ಲಿ ಕಾಡಿನ ಕೆಲಸ ಮಾಡ್ತಿದ್ದ ಮುದುಕ ಒಬ್ಬ. ಗಾಡಿ ಅವನದು. ಕಣ್ಣು ಮಂಜಾಯ್ತು ಅಂತ ಮಾರಿದ. ಒಯ್ಯೋಕೆ ಹೋದಾಗ ಒಂದು ನಿಮಿಷ ಇರಿ ಅಂದು ಆ ಹಿಡಿ ತಿರುಗಿಸಿ ಬಿಚ್ಚಿಕೊಂಡನಂತೆ. ಕೊರಳಲ್ಲಿದ್ದ ಟವೆಲ್ ತಗೊಂಡು ಗಾಡಿ ಮುಂಭಾಗ ಒರೆಸಿದನಂತೆ. ಇದೊಂದು ಮಾತ್ರ ಕೊಡಲಾರೆ, ಕ್ಷಮಿಸಿ ಅಂದ. ಹೊಸ ಹಿಡಿ ಕಳಿಸ್ತೀನಿ ಬಿಡು."

ಅಪ್ಪ ಫೋನ್ ಕಸಿದುಕೊಂಡರು. "ಒರೆಸಿದ್ದು ಮೂತೀನಾ?"

"ಹೂಂ ಮಾವ, ಮೂತಿ ಅಂತಾನೇ ಇಟ್ಕೊಳ್ಳಿ."

"ಏನೂ ಕಳಿಸಬೇಡ."

ಅಪ್ಪ ಗಾಳಿಗೆ ಬೆನ್ನು ಕೊಟ್ಟು ನಿಂತರು. ಕೆಂಚ ಹೋದ ದಿನವೂ ಅಳದ ಮನುಷ್ಯ, ಈಗ ತೋಳಿನಿಂದ ಕಣ್ಣೊರೆಸಿಕೊಂಡರು.

"ಕಳ್ಳ ಅಲ್ಲಮ್ಮಾ," ಎಂದರು. "ಮುಖದ ಹಗ್ಗ ಇಟ್ಕೊಂಡಿದಾನೆ, ಅಷ್ಟೆ."

ಮರುದಿನ ಬೆಳಿಗ್ಗೆ ಅಪ್ಪ ಗೋಡೆಯಿಂದ ಕೆಂಚನ ಹಗ್ಗ ಇಳಿಸಿ, ಗೇರಿನ ರಾಡಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಕೈಗೆ ಹದವಾಗಿ ಕೂತಿತು. ನಾಲ್ಕೂ ಚಕ್ರಕ್ಕೆ ಹಾಲು ಚಿಮುಕಿಸಿದರು. ನಮ್ಮ ರಷ್ಯನ್ ಲಾರಿಯಲ್ಲಿ ಓಡಿಸುವವರು ಕೂರುತ್ತಿದ್ದುದು ಎಡಗಡೆ. ಆಮೇಲೆ ಅದೇ ಅಭ್ಯಾಸದಲ್ಲಿ ಬಲಗಡೆಯ ಬಾಗಿಲಿನಿಂದ ಹತ್ತಿ ಕೂತು, ಎದುರಿಗೆ ಸ್ಟಿಯರಿಂಗ್ ಕಂಡು ಬೆಚ್ಚಿದರು.

"ಅಪ್ಪಾ, ಜಪಾನಿ ಕುದುರೆಗೆ ಸವಾರ ಬಲಗಡೆ. ಆ ಕಡೆ ಸರ್ಕೊಳ್ಳಿ."

"ಮೊದಲೇ ಹೇಳಬಾರದಾ?" ಎಂದು ಗೊಣಗುತ್ತ ಸರಿದರು.

ಡೇರೆ, ಒಲೆ, ಎಳೆಯ ಮೇಕೆಗಳು, ಎಲ್ಲವನ್ನೂ ಹೊತ್ತು ಟ್ರಕ್ಕು ಕಣಿವೆಯ ಏರು ಹತ್ತಿತು. ಹಿಂದೆ ಕುದುರೆಯ ಮೇಲೆ ಚಿಕ್ಕಪ್ಪ ಮಂದೆ ಹೊಡೆದುಕೊಂಡು ಬರುತ್ತಿದ್ದರು. ಕಣಿವೆಯಲ್ಲಿ ಹಿಮ ಇನ್ನೂ ಬಿದ್ದಿರಲಿಲ್ಲ. ಸಂಜೆಗೆ ಚಳಿಗಾಲದ ಜಾಗ ಮುಟ್ಟಿ, ಗಾಳಿ ತಾಗದಂತೆ ಗಾಡಿಯನ್ನು ಬಂಡೆಯ ಕಡೆ ತಿರುಗಿಸುತ್ತಿದ್ದೆ. ಅಪ್ಪ ಕೈ ಅಡ್ಡ ಹಿಡಿದರು.

"ಇವತ್ತೊಂದು ದಿನ ಮುಖ ಮೂಡಣಕ್ಕಿರಲಿ. ಹೊಸದಾಗಿ ಬಂದ ಕುದುರೆ ತನ್ನೂರ ಕಡೆ ನೋಡುತ್ತೆ. ನೋಡ್ಕೊಳ್ಳಲಿ."

ನಾನು ಎದುರು ಮಾತಾಡದೆ ಹಾಗೇ ನಿಲ್ಲಿಸಿದೆ.