ಚರ್ಚ್ ಕಡೆಯ ನೆರೆಯವ

ಬೆಳಿಗ್ಗೆ ಒಂಬತ್ತಾದರೂ ಗೆರ್ಲೊಫ್‌ನ ಮನೆಯ ಪರದೆಗಳು ಮುಚ್ಚಿಯೇ ಇದ್ದವು. ಪಕ್ಕದ ಮನೆಯ ವೊಬ್ಬೆ ತನ್ನ ಅಡುಗೆಮನೆಯ ಕಿಟಕಿಯಿಂದ ಎಂಟಕ್ಕೊಮ್ಮೆ ನೋಡಿದ, ಎಂಟೂವರೆಗೊಮ್ಮೆ ನೋಡಿದ, ಒಂಬತ್ತಕ್ಕೆ ಕಾಫಿ ಲೋಟ ಕೆಳಗಿಟ್ಟು ಎದ್ದ. ಅಲ್ಸವಿಯರ್ ಊರಿನಲ್ಲಿ ಹಗಲು ಹೊತ್ತು ಪರದೆ ಎಳೆಯುವವರು ಯಾರೂ ಇಲ್ಲ. ಒಳಗೆ ಬಚ್ಚಿಡುವಂಥದ್ದು ಏನೂ ಇಲ್ಲವೆಂದು ಬೀದಿಗೆ ತೋರಿಸಿಕೊಂಡು ಬದುಕುವುದೇ ಅಲ್ಲಿಯ ಮರ್ಯಾದೆ. ಪರದೆ ಮುಚ್ಚಿದೆಯೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ.

ಸತ್ತವರು ಯಾರೆಂದು ವೊಬ್ಬೆ ಯೋಚಿಸಲೇ ಇಲ್ಲ. ಗೆರ್ಲೊಫ್‌ಗೆ ಎಪ್ಪತ್ತೆಂಟು. ಅವನ ಹೃದಯ ಎರಡು ಸಲ ಕೈಕೊಟ್ಟಿತ್ತು, ಎರಡು ಸಲವೂ ಡಾಕ್ಟರು ಕೈಚೆಲ್ಲಿದ ಮೇಲೆ ಹಟಕ್ಕೆ ಬಿದ್ದಂತೆ ಮತ್ತೆ ಹೊಡೆದುಕೊಳ್ಳತೊಡಗಿತ್ತು. ಅವನ ಹೆಂಡತಿ ರಿನ್ಸ್ಕೆಗೆ ಅರವತ್ತೊಂಬತ್ತು. ಮೊನ್ನೆ ಮಂಗಳವಾರವಷ್ಟೇ ಎದುರುಗಾಳಿಯಲ್ಲಿ ಆರು ಮೈಲಿ ಸೈಕಲ್ ತುಳಿದು ಹಿಟ್ಟು ತಂದಿದ್ದಳು. ಊರಿನಲ್ಲಿ ಯಾರನ್ನು ಕೇಳಿದರೂ ಇದೇ ತೀರ್ಮಾನಕ್ಕೆ ಬರುತ್ತಿದ್ದರು.

ವೊಬ್ಬೆಯ ತಲೆ ಕೆಡಿಸಿದ್ದು ಬೇರೆ ವಿಷಯ. ಸಾವಾದರೆ ಮನೆಯವರು ಮೊದಲು ಬಂದು ಹೇಳಬೇಕಾದದ್ದು ಚರ್ಚ್ ಕಡೆಯ ನೆರೆಯವನಿಗೆ, ಅಂದರೆ ಇಲ್ಲಿ ವೊಬ್ಬೆಗೆ. ಅಲ್ಲಿಂದ ಮುಂದೆ ಅವರು ಒಂದು ಕಡ್ಡಿಯನ್ನೂ ಎತ್ತಿಡುವಂತಿಲ್ಲ. ಡಾಕ್ಟರಿಗೆ, ಗಂಟೆ ಹೊಡೆಯುವವನಿಗೆ, ಬಡಗಿಗೆ ತಿಳಿಸುವುದು, ಆಮೇಲೆ ಮನೆಮನೆಗೆ ನಡೆದು ಸುದ್ದಿ ಮುಟ್ಟಿಸುವುದು, ಎಲ್ಲ ಆ ನೆರೆಯವನ ಕೆಲಸ. ಗೆರ್ಲೊಫ್‌ನ ತಂದೆ ಸತ್ತಾಗ ವೊಬ್ಬೆಯ ತಂದೆ ನಡೆದಿದ್ದ. ಅದಕ್ಕೂ ಹಿಂದೆ ಅಜ್ಜನಿಗೆ ಅಜ್ಜ ನಡೆದಿದ್ದ. ಈಗ ಒಂಬತ್ತಾಗಿದೆ, ವೊಬ್ಬೆಯ ಬಾಗಿಲನ್ನು ಯಾರೂ ತಟ್ಟಿಲ್ಲ. ಅಂದಮೇಲೆ ರಿನ್ಸ್ಕೆ ಹೊಲದ ಕಡೆಯ ನೆರೆಯವನಾದ ಮೆಯಿಂಟ್‌ನ ಹತ್ತಿರ ಹೋಗಿದ್ದಾಳೆ. ಮೆಯಿಂಟ್ ಊರಿಗೆ ಬಂದು ಇನ್ನೂ ಹನ್ನೊಂದೇ ವರ್ಷ. ಊರಿನ ಅರ್ಧ ಜನಕ್ಕೆ ಅವನ ಹೆಸರೂ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ.

ಹಾಗೆ ಮಾಡಲು ಆ ಮನೆಯವರಿಗೆ ಕಾರಣವಿತ್ತು ಎನ್ನುವುದೂ ವೊಬ್ಬೆಗೆ ಗೊತ್ತಿತ್ತು. ಅವನೂ ಗೆರ್ಲೊಫ್‌ನೂ ಒಂಬತ್ತು ವರ್ಷದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ.

ಆಗ ಗೆರ್ಲೊಫ್ ಊರಿನ ಮಂಜುಗಡ್ಡೆಯ ಮೇಲ್ವಿಚಾರಕ. ಕಾಲುವೆಯ ನೀರು ಹನ್ನೆರಡು ಸೆಂಟಿಮೀಟರ್ ಗಟ್ಟಿಯಾಗದೆ ಸ್ಕೇಟಿಂಗ್ ಪಂದ್ಯ ನಡೆಸುವಂತಿಲ್ಲ ಎನ್ನುವುದು ನಿಯಮ. ವೊಬ್ಬೆಗೆ ಐವತ್ತೆಂಟಾಗಿತ್ತು, ಮೂರು ವಾರ ಕಾಲು ಪಳಗಿಸಿದ್ದ. ಪ್ರತಿಸಲ ಗೆಲ್ಲುತ್ತಿದ್ದ ಪಕ್ಕದೂರಿನವನು ಪುಣ್ಯಕ್ಕೆ ಕಾಲು ಮುರಿದುಕೊಂಡು ಮಲಗಿದ್ದ. ಪಂದ್ಯದ ಬೆಳಿಗ್ಗೆ ಗೆರ್ಲೊಫ್ ಸೇತುವೆಯ ಕೆಳಗೆ ಹೊಟ್ಟೆಯ ಮೇಲೆ ಮಲಗಿ, ತೂತಿನೊಳಗೆ ಕೋಲು ಇಳಿಸಿ, ಎದ್ದು ನಿಂತು, "ಹನ್ನೊಂದು" ಎಂದ. ವೊಬ್ಬೆ ಆ ಕೋಲಿನ ಬಗ್ಗೆ ಒಂದು ಮಾತು ಹೇಳಿದ. ಅದು ಕೋಲಿಗೆ ಮಾತ್ರ ಹೇಳಿದ ಮಾತಾಗಿರಲಿಲ್ಲ. ಮಾರನೆಯ ದಿನ ಮಳೆ ಬಂತು, ಮಂಜುಗಡ್ಡೆ ಕರಗಿತು, ಪಂದ್ಯ ನಡೆಯಲೇ ಇಲ್ಲ.

ಆಮೇಲೆ ಎರಡು ಮನೆಯ ನಡುವೆ ಅಂಚೆ ನಡೆಸಿದವಳು ರಿನ್ಸ್ಕೆ. ಇಬ್ಬರೂ ಬೇಲಿಯ ಆಚೆ ಈಚೆ ಮೂರು ಮಾರು ದೂರದಲ್ಲಿ ನಿಂತಿದ್ದರೂ ಮಾತು ಅವಳ ಮೂಲಕವೇ ಹೋಗಬೇಕು.

"ಗೆರ್ಲೊಫ್ ಹೇಳ್ತಿದ್ದಾನೆ, ನಿನ್ನ ಕುರಿ ನಮ್ಮ ಕಡೆ ಮೇಯ್ತಿದೆಯಂತೆ."

"ಕುರಿಗೆ ಹುಲ್ಲು ಗೊತ್ತು, ಬೇಲಿ ಗೊತ್ತಿಲ್ಲ ಅಂತ ಹೇಳು ಅವನಿಗೆ."

"ಕೇಳಿಸ್ತೇನೋ, ಗೆರ್ಲೊಫ್?"

"ಇಲ್ಲ," ಎನ್ನುತ್ತಿದ್ದ ಗೆರ್ಲೊಫ್. ಅವಳು ಇನ್ನೊಂದು ಸಲ ಹೇಳುತ್ತಿದ್ದಳು.

ಶನಿವಾರ ಶನಿವಾರ ಅವಳು ಅರ್ಧ ಸಕ್ಕರೆ ಬ್ರೆಡ್ಡನ್ನು ತಟ್ಟೆಯಲ್ಲಿ ಮುಚ್ಚಿ ವೊಬ್ಬೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಮದುವೆಯಾಗದ ಗಂಡಸಿನ ಮನೆಯಲ್ಲಿ ಸಿಹಿ ಅಂತ ಇದ್ದದ್ದು ಅದೊಂದೇ. ಚೆನ್ನಾಗಿದೆ ಎಂದು ವೊಬ್ಬೆ ಒಂದು ದಿನವೂ ಹೇಳಿರಲಿಲ್ಲ. ತಟ್ಟೆ ತೊಳೆದು ಒರೆಸಿ ವಾಪಸ್ ಇಡುತ್ತಿದ್ದ, ಅಷ್ಟೆ.

ಜಗಳ ಏನೇ ಇರಲಿ, ಆ ಮನೆಯ ಸಾವಿಗೆ ನಡೆಯುವ ಹಕ್ಕು ತನ್ನದು. ಅದನ್ನು ಮೆಯಿಂಟ್ ಕಿತ್ತುಕೊಂಡರೆ ಮೂರು ತಲೆಮಾರಿನ ನೆರೆತನ ಮಣ್ಣುಪಾಲಾದಂತೆ. ಊರಿನವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ತಾನು ಸಾಯುವವರೆಗೂ ತನ್ನ ಕಡೆ ಒಂದು ಥರ ನೋಡುತ್ತಾರೆ. ಆ ನೋಟಕ್ಕೆ ವೊಬ್ಬೆ ನಿಜವಾಗಿಯೂ ಹೆದರಿದ. ಮೆಯಿಂಟ್ ಬೂಟು ಹಾಕಿಕೊಳ್ಳುವುದರೊಳಗೆ ತಾನು ಹೊರಡಬೇಕು ಎಂದುಕೊಂಡು ತಂದೆಯ ಕರಿ ಕೋಟು ಹಾಕಿ, ತಂದೆಯ ಕರಿ ಟೊಪ್ಪಿಗೆ ಇಟ್ಟು, ಬಾಗಿಲು ಎಳೆದುಕೊಂಡ.

ಈಶಾನ್ಯದ ಗಾಳಿ ಮುಖಕ್ಕೆ ರಾಚುತ್ತಿತ್ತು. ಕಾಲುವೆ ಹೆಪ್ಪುಗಟ್ಟಿತ್ತು, ಹೊಲಗಳ ಮೇಲೆ ಬಿಳಿ ಕೂತಿತ್ತು, ಕೊಟ್ಟಿಗೆಗಳಿಂದ ದನಗಳ ಉಸಿರು ಹಬೆಯಾಗಿ ಹೊರಬರುತ್ತಿತ್ತು. ವೊಬ್ಬೆ ನೇರ ದಿಣ್ಣೆ ಹತ್ತಿ ಚರ್ಚ್ ಪಕ್ಕದಲ್ಲಿದ್ದ ಹಿಲ್ಲೆಯ ಮನೆಗೆ ಹೋದ. ಗಂಟೆ ಹೊಡೆಯುವವನು ಹಿಲ್ಲೆ.

"ಯಾರು?" ಎಂದ ಹಿಲ್ಲೆ, ಕೋಟು ನೋಡಿ.

"ಗೆರ್ಲೊಫ್."

"ಅಂತೂ," ಎಂದ ಹಿಲ್ಲೆ. ಪಕ್ಕದೂರಿನ ಡಾಕ್ಟರಿಗೆ ಫೋನ್ ಮಾಡಿದ. ಸತ್ತವರಿಗೆ ಅವಸರವಿರುವುದಿಲ್ಲ, ಮಧ್ಯಾಹ್ನ ಬರುತ್ತೇನೆ ಎಂದರಂತೆ ಡಾಕ್ಟರು. ಆಮೇಲೆ ಹಿಲ್ಲೆ ಹಗ್ಗ ಹಿಡಿದು ಒಂಬತ್ತು ಸಲ ಎಳೆದ. ಹೆಂಗಸಾದರೆ ಆರು, ಗಂಡಸಾದರೆ ಒಂಬತ್ತು. ಯಾಕೆ ಹಾಗೆಂದು ಹೆಂಗಸರೂ ಕೇಳಿದವರಲ್ಲ.

ಬಡಗಿ ಬೋಟೆ ಆಗಲೇ ಹಲಗೆ ಎತ್ತುತ್ತಿದ್ದ. "ಅಳತೆಗೆ ಬರಬೇಕಾಗಿಲ್ಲ, ಹೋದ ಸಲ ಎದೆ ನಿಂತಾಗಿನದ್ದು ಬರೆದಿಟ್ಟಿದ್ದೀನಿ. ಸ್ವಲ್ಪ ಇಳಿದಿರಬಹುದು, ಪರವಾಗಿಲ್ಲ, ಸಡಿಲ ಇದ್ರೆ ಯಾರೂ ಬೈಯಲ್ಲ," ಎಂದ. ವೊಬ್ಬೆಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ನೀನೂ ಇಳಿದಿದ್ದೀಯ," ಎಂದ.

ದಿಣ್ಣೆಯ ಕೆಳಗಿನ ಮೊದಲ ಮನೆ ಡೌಟ್ಯೆಯದು. ವೊಬ್ಬೆ ಹೊಸ್ತಿಲಾಚೆ ನಿಂತು ತಂದೆ ಹೇಳುತ್ತಿದ್ದಂತೆಯೇ ಹೇಳಿದ: "ಗೆರ್ಲೊಫ್, ಎಪ್ಪತ್ತೆಂಟು ವರ್ಷ, ನಮ್ಮನ್ನು ಬಿಟ್ಟುಹೋದರು. ಮನೆಯವರ ಪರವಾಗಿ ತಿಳಿಸುತ್ತಿದ್ದೇನೆ." ಎರಡು ಚಳಿಗಾಲದಿಂದ ಹಸುಗಳ ಮುಂದೆ ಅಭ್ಯಾಸ ಮಾಡಿದ್ದ ಮಾತು, ಎಲ್ಲೂ ತೊಡರಲಿಲ್ಲ.

"ಅಯ್ಯೋ, ಪಾಪ ರಿನ್ಸ್ಕೆ!" ಎಂದಳು ಡೌಟ್ಯೆ. "ಹೆಂಗಿದ್ದಾಳೆ ಅವಳು?"

"ನೋಡಿಲ್ಲ."

"ಹೋಗ್ಲಿ ಬಿಡು, ಇನ್ನಾದ್ರೂ ಅವಳಿಗೆ ಸ್ವಲ್ಪ ಉಸಿರಾಡೋಕೆ ಬಿಡುವು ಸಿಗುತ್ತೆ. ಆ ಮನುಷ್ಯನ ಗುಳಿಗೆ ಎಣಿಸಿ ಎಣಿಸಿಯೇ ಸವೆದುಹೋದಳು. ಕಾಫಿ ಕುಡಿ."

ಸಾವಿನ ಸುದ್ದಿ ತಂದವನು ಕೂರುವಂತಿಲ್ಲ, ಕೊಟ್ಟ ಕಾಫಿಯನ್ನು ಬೇಡವೆನ್ನುವಂತೆಯೂ ಇಲ್ಲ. ವೊಬ್ಬೆ ನಿಂತೇ ಕುಡಿದ. ಸುದ್ದಿ ಮುಟ್ಟಿಸಬೇಕಾದ ಮನೆ ಇಪ್ಪತ್ತೆರಡು. ಒಂಬತ್ತನೆಯ ಮನೆಯಾದ ಮೇಲೆ ಅವನು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಒಂದು ಮರದ ಹಿಂದೆ ಹೋಗಿಬರಬೇಕಾಯಿತು. ಆ ಗಾಳಿಯಲ್ಲಿ ಅದೂ ಸುಲಭದ ಕೆಲಸವಾಗಿರಲಿಲ್ಲ.

ಎಲ್ಲ ಮನೆಯಲ್ಲೂ ಅದೇ ಮಾತು. ಪಾಪ ರಿನ್ಸ್ಕೆ. ರಿನ್ಸ್ಕೆ ಊಟ ಮಾಡಿದಳೇ. ರಿನ್ಸ್ಕೆ ಈಗ ತಂಗಿಯ ಊರಿಗೆ ಹೋಗಿ ಸಮುದ್ರ ನೋಡಿಕೊಂಡು ಬರಬಹುದು. ಗೆರ್ಲೊಫ್‌ನ ಬಗ್ಗೆ ಒಬ್ಬರೇ ಒಬ್ಬರು ಮಾತೆತ್ತಿದರು. ನಿವೃತ್ತ ಮೇಷ್ಟ್ರು, "ಅಳತೆಯಲ್ಲಿ ಮಾತ್ರ ಮೋಸ ಮಾಡಿದವನಲ್ಲ," ಎಂದರು. ವೊಬ್ಬೆ ಆ ಮನೆಯ ಕಾಫಿಯನ್ನು ಬೇಗ ಮುಗಿಸಿದ. ಹದಿನೇಳನೆಯ ಮನೆಯ ಮುದುಕಿ ಅವನ ತೋಳು ಹಿಡಿದು, "ನೀನೇ ಬಂದ್ಯಲ್ಲ, ಒಳ್ಳೇದಾಯ್ತು ಕಣೋ. ಗಂಟೆ ಕೇಳಿದಾಗ ಮೆಯಿಂಟ್ ಬರ್ತಾನೇನೋ ಅಂತ ನಾಚಿಕೆಯಾಗಿತ್ತು ನಂಗೆ," ಎಂದಳು. ವೊಬ್ಬೆಗೆ ಕೋಟಿನೊಳಗೆ ಬೆಚ್ಚಗಾಯಿತು. ಒಂಬತ್ತು ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ನಡೆದಿರಲಿಲ್ಲ.

ಕೊನೆಯ ಮನೆ ಮೆಯಿಂಟ್‌ನದು. ವೊಬ್ಬೆ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಮೆಯಿಂಟ್ ಬರೀ ಕಾಲುಚೀಲದಲ್ಲಿ ಬಾಗಿಲಿಗೆ ಬಂದು, ಪೂರ್ತಿ ಕೇಳಿ, ಬಾಯಿ ತೆರೆದು ನಿಂತ.

"ಹೌದಾ? ನಂಗೆ ಗೊತ್ತೇ ಇಲ್ಲವಲ್ಲ! ಗಂಟೆ ಕೇಳ್ತು, ಯಾರಪ್ಪಾ ಅಂದುಕೊಂಡೆ."

"ರಿನ್ಸ್ಕೆ ನಿನ್ನ ಹತ್ರ ಬರ್ಲಿಲ್ವಾ?"

"ನನ್ನ ಹತ್ರ ಯಾಕೆ ಬರ್ತಾಳೆ? ನಾನು ಹೊಲದ ಕಡೆಯವನಲ್ವಾ?" ಎಂದ ಮೆಯಿಂಟ್. ಹನ್ನೊಂದು ವರ್ಷದಲ್ಲಿ ಅವನು ಅಷ್ಟನ್ನಾದರೂ ಕಲಿತಿದ್ದ.

ಮೆಯಿಂಟ್‌ನ ಅಂಗಳ ದಾಟುವಾಗ ವೊಬ್ಬೆಯ ಹೆಮ್ಮೆಯೆಲ್ಲ ಇಳಿದುಹೋಗಿತ್ತು. ರಿನ್ಸ್ಕೆ ಯಾರ ಹತ್ತಿರವೂ ಹೋಗಿಲ್ಲ. ಬೆಳಗಿನಿಂದ ಮುಚ್ಚಿದ ಪರದೆಯ ಹಿಂದೆ ಒಬ್ಬಳೇ ಹೆಣ ಕಾಯುತ್ತ ಕೂತಿದ್ದಾಳೆ, ತಾನು ಹಕ್ಕು ಹಕ್ಕು ಎಂದು ಊರೆಲ್ಲ ಕಾಫಿ ಕುಡಿದು ಬಂದೆ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹಾಗೆಯೇ ಹೋಗಿ ಗೆರ್ಲೊಫ್‌ನ ಮನೆಯ ಹಿಂಬಾಗಿಲು ತಟ್ಟಿದ. ಮುಂಬಾಗಿಲು ತೆಗೆಯುವುದು ಮದುವೆಗೆ ಮತ್ತು ಹೆಣಕ್ಕೆ.

ಬಾಗಿಲು ತೆಗೆದವನು ಗೆರ್ಲೊಫ್. ಕರಿ ಕೋಟು ಹಾಕಿದ್ದ, ಟೊಪ್ಪಿಗೆ ಕೈಯಲ್ಲಿತ್ತು.

ಇಬ್ಬರೂ ಒಬ್ಬರ ಕರಿ ಕೋಟನ್ನು ಒಬ್ಬರು ನೋಡಿದರು.

"ಯಾರು ಹೋದ್ರು?" ಎಂದ ಗೆರ್ಲೊಫ್. ಒಂಬತ್ತು ವರ್ಷದ ಮೇಲೆ ಮೊದಲ ಮಾತು ಅದು. "ಗಂಡಸಿನ ಗಂಟೆ ಹೊಡೀತಲ್ಲ."

"ನೀನು," ಎಂದ ವೊಬ್ಬೆ.

ಗೆರ್ಲೊಫ್ ಅದನ್ನು ಸ್ವಲ್ಪ ಹೊತ್ತು ಯೋಚಿಸಿದ. "ಇಲ್ಲ," ಎಂದ.

"ಪರದೆ ಮುಚ್ಚಿತ್ತು."

"ಹೌದು. ನಾನೇ ಮುಚ್ಚಿದೆ." ಗೆರ್ಲೊಫ್ ಬಾಗಿಲಿನಿಂದ ಪಕ್ಕಕ್ಕೆ ಸರಿದ. "ರಿನ್ಸ್ಕೆ. ಬೆಳಿಗ್ಗೆ ಐದಕ್ಕೆ ನೋಡಿದೆ, ತಣ್ಣಗಾಗಿದ್ದಳು."

ಒಳಗೆ ಒಲೆ ಹೊತ್ತಿಸಿರಲಿಲ್ಲ. ಸುದ್ದಿ ತಂದವನು ಕೂರುವಂತಿಲ್ಲವೆನ್ನುವುದು ಮರೆತುಹೋಗಿ ವೊಬ್ಬೆ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕೂತ. ಅಳು ಬಂತು. ತಡೆಯುವುದಕ್ಕೆ ನೋಡಿದ, ಆಗಲಿಲ್ಲ, ತಂದೆಯ ಟೊಪ್ಪಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು ಅತ್ತ. ಆ ಬ್ರೆಡ್ಡು ಚೆನ್ನಾಗಿರುತ್ತಿತ್ತು. ಪ್ರತಿ ಶನಿವಾರ ಚೆನ್ನಾಗಿರುತ್ತಿತ್ತು. ಹೇಳಲು ಅವನಿಗೆ ಏನು ಕಷ್ಟವಾಗಿತ್ತೋ.

"ಮೂರು ಸಲ ಹೊರಟೆ," ಎಂದ ಗೆರ್ಲೊಫ್, ಅವನು ಸುಮ್ಮನಾದ ಮೇಲೆ. "ಬೇಲಿವರೆಗೂ ಬಂದೆ. ನೀನು ಬಾಗಿಲು ತೆಗೀದೆ ಇದ್ರೆ ಏನ್ಮಾಡೋದು ಅಂತ ವಾಪಸ್ ಬಂದೆ. ಮುಂಚೆ ಆಗಿದ್ರೆ ಅವಳ ಹತ್ರ ಹೇಳಿಕಳಿಸ್ತಿದ್ದೆ."

"ಮೆಯಿಂಟ್ ಹತ್ರ ಹೋಗಬಹುದಿತ್ತಲ್ಲ."

"ಅವನು ಹೊಲದ ಕಡೆಯವನು."

ವೊಬ್ಬೆ ಮೂಗು ಒರೆಸಿಕೊಂಡ. ಗೆರ್ಲೊಫ್ ನೆಟ್ಟಗೆ ನಿಂತು ಕೋಟಿನ ಗುಂಡಿ ಸರಿಮಾಡಿಕೊಂಡ. ಬೆಳಗಿನಿಂದ ಹೇಳಬೇಕಾಗಿದ್ದ ಮಾತನ್ನು ಹೇಗೆ ಹೇಳಬೇಕೋ ಹಾಗೆಯೇ ಹೇಳಿದ: "ವೊಬ್ಬೆ, ನಮ್ಮ ಮನೆಯಲ್ಲಿ ಸಾವಾಗಿದೆ. ಊರಿಗೆ ತಿಳಿಸ್ತೀಯಾ?"

"ತಿಳಿಸ್ತೀನಿ."

"ನಂದನ್ನ ಏನ್ಮಾಡ್ತೀಯ?"

"ವಾಪಸ್ ತಗೋತೀನಿ."

"ಬೋಟೆ ಹಲಗೆ ಕೊಯ್ದುಬಿಟ್ಟಿರ್ತಾನೆ."

"ಕೊಯ್ದಿರ್ತಾನೆ."

"ಕೊಯ್ದಿದ್ರೆ ಇಟ್ಕೊಂಡಿರ್ಲಿ," ಎಂದ ಗೆರ್ಲೊಫ್. "ಗಂಟೆ ಆಮೇಲೆ ಹೊಡೀಲಿ, ಮೊದಲು ಮನೆಮನೆಗೆ ಹೇಳು. ಗಂಟೆ ಕೇಳಿ ಜನ ಗಾಬರಿ ಬೀಳೋದು ಬೇಡ." ವೊಬ್ಬೆ ಬಾಗಿಲಿಗೆ ಹೋಗುವಾಗ ಹಿಂದಿನಿಂದ ಕೇಳಿದ, "ನಾನು ಹೋದೆ ಅಂದಾಗ ಜನ ಏನಂದ್ರು?"

ವೊಬ್ಬೆ ಚಿಲಕದ ಮೇಲೆ ಕೈಯಿಟ್ಟು ನಿಂತ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಎಲ್ರೂ ರಿನ್ಸ್ಕೆ ಹೆಂಗಿದ್ದಾಳೆ ಅಂತ ಕೇಳಿದ್ರು."

"ಕೇಳ್ತಾರೆ," ಎಂದ ಗೆರ್ಲೊಫ್. "ನಾನಾದ್ರೂ ಅದನ್ನೇ ಕೇಳ್ತಿದ್ದೆ."

ವೊಬ್ಬೆ ಮತ್ತೆ ಹೊರಬಿದ್ದ. ಗಾಳಿ ಹಾಗೆಯೇ ಇತ್ತು. ಡೌಟ್ಯೆಯ ಬಾಗಿಲನ್ನು ಅವನು ತಟ್ಟಬೇಕಾಗಿ ಬರಲಿಲ್ಲ. ಅವಳು ತಲೆಗೆ ವಸ್ತ್ರ ಬಿಗಿದುಕೊಂಡು, ಎರಡು ಕೈಯಲ್ಲೂ ಟವೆಲ್ ಸುತ್ತಿದ ಪಾತ್ರೆ ಹಿಡಿದು ಎದುರಿಗೇ ಬಂದಳು. ಬಟಾಣಿ ಸಾರಿನ ವಾಸನೆ ಬರುತ್ತಿತ್ತು.

"ಸರಿಯಾದ ಹೊತ್ತಿಗೆ ಬಂದೆ ನೋಡು, ನಾನೇ ಹೊರಟಿದ್ದೆ. ಇದನ್ನ ರಿನ್ಸ್ಕೆಗೆ ಕೊಡು, ಬಿಸಿ ಇದೆ. ಬೆಳಗಿನಿಂದ ಏನೂ ತಿಂದಿರಲ್ಲ ಅವಳು, ಬೇರೆಯವರಿಗೆ ಮಾಡಿಹಾಕಿಯೇ ಅಭ್ಯಾಸ. ನಿಂತು ತಿನ್ನಿಸಿ ಬಾ. ಈ ಒಂದು ದಿನವಾದ್ರೂ ಯಾರೋ ಮಾಡಿಕೊಟ್ಟದ್ದನ್ನ ಕೂತು ತಿನ್ನಲಿ."

ವೊಬ್ಬೆ ಬಾಯಿ ತೆರೆದ. ಹೆಸರು, ವಯಸ್ಸು, ಬಿಟ್ಟುಹೋದರು. ಬೆಳಿಗ್ಗೆ ಇಪ್ಪತ್ತೆರಡು ಸಲ ಹೇಳಿದ್ದ ಮಾತು, ಈಗ ಹೆಸರು ಮಾತ್ರ ಬೇರೆ.

"ಹಿಡಿಯೋ, ಕೈ ಸುಡ್ತಿದೆ," ಎಂದಳು ಡೌಟ್ಯೆ.

"ಡೌಟ್ಯೆ," ಎಂದ ವೊಬ್ಬೆ, "ಪಾತ್ರೆ ಕೆಳಗಿಡು."