ಹಳೇ ಇಸಿಜಿ

"ಹಳೇ ಇಸಿಜಿ ನೋಡಲಾರದೆ ರಕ್ತದ ಹೆಪ್ಪು ಕರಗಿಸೋ ಈ ಇಂಜೆಕ್ಷನ್ ಹಾಕಾಕ ಬರಂಗಿಲ್ಲ," ಎಂದರು ಡಾಕ್ಟರ್ ವಿಜಯಕುಮಾರ. "ಈ ಗೆರಿ ಇವತ್ತು ಕೆಟ್ಟಿದ್ರ ಕೂಡ್ಲೇ ಹಾಕ್ಬೇಕು. ಮೊದ್ಲಿಂದ ಹಿಂಗೇ ಇದ್ರ, ಹಾಕಿದ್ರ ರಕ್ತ ಸೋರಿ ಜೀವಕ್ಕ ಅಪಾಯ."

ಕುರುಗೋಡಿನ ಆಸ್ಪತ್ರೆಯ ಮಂಚದ ಮೇಲೆ ಚಿನ್ನಪ್ಪ ಬೆವೆತು ಬಿದ್ದಿದ್ದ. ಬಾದನಹಟ್ಟಿಯ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದವನನ್ನು ಹೆಂಡತಿ ಯಂಕಮ್ಮ ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ಅವನ ಫೋನು ಅಲ್ಲೇ ಬದುವಿನ ಮೇಲೆ ಉಳಿದಿತ್ತು.

"ನಮ್ಮ ಮನಿಯವ್ರು ದವಾಖಾನಿ ಮುಖಾನೇ ನೋಡಿಲ್ರಿ. ಎಲ್ಲಿಂದ ತರ್ಲಿ ಹಳೇದು?"

ಅಂಗಿ ಬಿಚ್ಚುತ್ತಿದ್ದ ನರ್ಸ್ ಖುಷ್ಬೂಗೆ ಜೇಬಿನಲ್ಲಿ ಬಳ್ಳಾರಿಯ ಯಾವುದೋ ಹೃದಯದ ಆಸ್ಪತ್ರೆಯ ಕಾರ್ಡು ಸಿಕ್ಕಿತು. "ನೋಡಮ್ಮ, ತೋರಿಸ್ಯಾರ! ಇವರ ರಿಪೋರ್ಟೆಲ್ಲ ಕ್ಲೌಡ್‌ನಾಗ ಇರ್ತಾವು, ಕೇಳಿದ್ರ ಇಲ್ಲೇ ಬರ್ತಾವು," ಎನ್ನುತ್ತ ಕಾರ್ಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದಳು. ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು. ಓಟಿಪಿ ಬೇಕಂತೆ, ಅದು ಅವನು ಬರೆಸಿದ ನಂಬರಿಗೇ ಹೋಗುತ್ತದಂತೆ. ಆ ನಂಬರೋ, ಕೊನೆಯ ಅಂಕಿಗಳನ್ನು ಬಿಟ್ಟರೆ ಬರೀ ಚುಕ್ಕಿ. ಸುಡುಗಾಡು ಭದ್ರತೆ!

"ಏಳು, ಸೊನ್ನಿ, ನಾಕು. ಯಾರ ನಂಬರಮ್ಮ ಇದು?"

ಯಂಕಮ್ಮನಿಗೆ ಆ ಅಂಕಿಗಳ ಗುರುತು ಸಿಕ್ಕಿತು. ಸುಮಂಗಲಾ! ಹೇಳದೆ ಕೇಳದೆ ಮದುವೆಯಾಗಿ ಬಳ್ಳಾರಿ ಸೇರಿದ ಮಗಳು. 'ಆಕಿ ಹೆಸರು ಎತ್ತಿದ್ರ ಈ ಮನ್ಯಾಗ ನೀನೂ ಇರಬ್ಯಾಡ' ಎಂದಿದ್ದವನು ಇದೇ ಗಂಡ. ಮಗಳು ನೆರೆಯವಳ ಕೈಲಿ ಕಳಿಸಿದ್ದ ನಂಬರನ್ನು ಯಂಕಮ್ಮ ಬಾಯಿಪಾಠ ಮಾಡಿ, ಚೀಟಿಯನ್ನು ಒಲೆಗೆ ಹಾಕಿದ್ದಳು. ಒಮ್ಮೆಯೂ ಫೋನು ಮಾಡಿರಲಿಲ್ಲ.

ಈಗ ಪೂರ್ತಿ ನಂಬರು ಹೇಳಿದಳು. ಡಾಕ್ಟರೇ ತಮ್ಮ ಫೋನಿನಿಂದ ಹಚ್ಚಿ ಅವಳ ಕೈಗೆ ಕೊಟ್ಟರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ಚಿನ್ನಪ್ಪ ನರಳಿದ. ಎತ್ತೇ ತಾಯಿ, ಎತ್ತೇ ಎಂದು ಯಂಕಮ್ಮ ಗೋಡೆಗೆ ಹಣೆ ಒತ್ತಿದಳು.

"ಹಲೋ?"

"ಸುಮೀ, ನಾನು ಅವ್ವ. ನಿಮ್ಮಪ್ಪಗ ಎದಿ ಹಿಡದೈತಿ. ನಿನ್ನ ಫೋನಿಗೆ ಓಟಿಪಿ ಬಂದೈತಂತ, ಲಗೂನ ಹೇಳವ್ವ!"

ಮಗಳು ಹೇಳಿದಳು. ಡಾಕ್ಟರು ಹಳೆಯ ಗೆರೆಯನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿ ಉಸಿರು ಬಿಟ್ಟರು. "ಮೊದ್ಲಿಂದಾನೂ ಹಿಂಗೇ ಐತಿ. ಇಂಜೆಕ್ಷನ್ ಬ್ಯಾಡ. ಆಂಬುಲೆನ್ಸ್ ಕರಿ ಖುಷ್ಬೂ, ಬಳ್ಳಾರಿಗೆ ಕಳಿಸೋಣ."

ಅತ್ತ ಸುಮಂಗಲಾ ಅಳುತ್ತಿದ್ದಳು. "ನಾನೇ ಕರ್ಕೊಂಡು ಹೋಗಿ ತೋರಿಸಿದ್ದೆ ಅವ್ವಾ. ಗೊಬ್ಬರ ತರಾಕ ಬಂದಾಗೆಲ್ಲ ಅಪ್ಪ ಮನಿಗೆ ಬರ್ತಿದ್ದ. ನಿಮ್ಮವ್ವಗ ಹೇಳಬ್ಯಾಡ ಅಂತಿದ್ದ."

ಯಂಕಮ್ಮನ ಮೈಯೆಲ್ಲ ಉರಿದುಹೋಯಿತು. ಗಂಡನ ಮುಖದ ಮೇಲೆ ಬಗ್ಗಿದಳು. "ಸಾಯಬ್ಯಾಡ ನೀನು. ನಿನ್ನ ಕೂಡ ಜಗಳ ಐತಿ ನಂದು."

ಚಿನ್ನಪ್ಪ ಫೋನಿಗಾಗಿ ಕೈ ಚಾಚಿದ. ಅವಳು ಕೊಡಲಿಲ್ಲ. ತನ್ನ ಕಿವಿಗೇ ಒತ್ತಿಕೊಂಡು, ಬಾಗಿಲ ಕಡೆ ತಿರುಗಿ, "ಉಂಡಿಯೇನ್ ಸುಮೀ?" ಎಂದು ಕೇಳಿದಳು.